ಕಿಡ್ನಿ ಕಲ್ಲಿಗೆ ಯಾವ ಲೇಸರ್? ದುಬಾರಿಯದೇ ಬೇಕಾ?

ಹೈದರಾಬಾದಿನ ಕನ್ನಡ ಬಂಧುಗಳೇ,

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಇಲ್ಲಿಗೆ ದುಡಿಯಲು ಬಂದವರ ಪಾಡು ಗೊತ್ತೇ ಇದೆ. ಬಿಸಿಲಲ್ಲಿ ಕೆಲಸ, ಬೆವರು ಜಾಸ್ತಿ, ಕುಡಿಯುವ ನೀರು ಕಮ್ಮಿ. ಮೂತ್ರ ಗಟ್ಟಿಯಾದಷ್ಟೂ ಲವಣಗಳು ಹರಳುಗಟ್ಟಿ ಕಲ್ಲಾಗುತ್ತವೆ. ಆಸ್ಪತ್ರೆಯಲ್ಲಿ "ಹಳೇ ಲೇಸರಿಗೆ ಇಷ್ಟು, ಹೊಸ ಲೇಸರಿಗೆ ಇನ್ನೂ ಇಷ್ಟು" ಎಂದಾಗ ಸಾಲ ಮಾಡುವ ಮೊದಲು ಇದನ್ನು ಓದಿ.

*1. ಲೇಸರ್ ಎಲ್ಲರಿಗೂ ಬೇಕಿಲ್ಲ*
5 ಮಿ.ಮೀ. ಒಳಗಿನ ಕಲ್ಲು ಹೆಚ್ಚಾಗಿ ತಾನೇ ಹೊರಹೋಗುತ್ತದೆ. ಕಿಡ್ನಿಯಲ್ಲಿ 2 ಸೆಂ.ಮೀ.ಗಿಂತ ದೊಡ್ಡದಿದ್ದರೆ ಸಾಮಾನ್ಯವಾಗಿ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ತೆಗೆಯುತ್ತಾರೆ. ಇವೆರಡರ ನಡುವಿನವು, ನಾಳದಲ್ಲಿ ಸಿಕ್ಕಿಕೊಂಡವುಗಳಿಗೆ ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಲೇಸರಿನಿಂದ ಒಡೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ.

*2. ಹೋಲ್ಮಿಯಂ ಲೇಸರ್*
1990ರ ದಶಕದಿಂದ ಬಳಕೆಯಲ್ಲಿದೆ. ಎಲ್ಲ ಬಗೆಯ ಕಲ್ಲನ್ನೂ ಒಡೆಯುತ್ತದೆ. ಒಂದು ತೊಂದರೆ: ಪೆಟ್ಟು ಬಿದ್ದಾಗ ಕಲ್ಲು ಹಿಂದಕ್ಕೆ ಜಾರುತ್ತದೆ. ಇದರದೇ ಸುಧಾರಿತ ರೂಪ ‘ಮೋಸೆಸ್’. ಇದರಲ್ಲಿ ಮೊದಲು ನೀರಿನಲ್ಲಿ ಗುಳ್ಳೆ ಎಬ್ಬಿಸಿ, ಆ ದಾರಿಯಲ್ಲೇ ಕಲ್ಲಿಗೆ ಪೆಟ್ಟು ಕೊಡುತ್ತಾರೆ. ಜಾರುವುದು ಕಮ್ಮಿ.

*3. ಥೂಲಿಯಂ ಫೈಬರ್ ಲೇಸರ್*
ಇದು ಹೊಸದು. ಇದರ ಕಿರಣವನ್ನು ನೀರು ಸುಮಾರು 4 ಪಟ್ಟು ಹೆಚ್ಚು ಹೀರುತ್ತದೆ. ಹಾಗಾಗಿ ಕಲ್ಲು ನುಣ್ಣಗೆ ಪುಡಿಯಾಗುತ್ತದೆ. ಎಳೆಯೂ ತೆಳುವು, 150 ಮೈಕ್ರಾನ್‌ವರೆಗೆ. ದುರ್ಬೀನು ಚೆನ್ನಾಗಿ ಬಾಗುತ್ತದೆ.

*4. ಯಾವುದು ಮೇಲು?*
2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 120 ರೋಗಿಗಳಿದ್ದರು. ಮೂರು ತಿಂಗಳ ನಂತರ ಥೂಲಿಯಂ ಗುಂಪಿನಲ್ಲಿ 92% ಜನರಿಗೆ ಕಲ್ಲು ಉಳಿದಿರಲಿಲ್ಲ, ಹೋಲ್ಮಿಯಂ ಗುಂಪಿನಲ್ಲಿ 67%. ಆದರೆ ನಾಳದ ಕಲ್ಲಿಗೆ ಎರಡೂ ಸಮ. 2023ರ ಅಮೆರಿಕದ ಅಧ್ಯಯನ ಸುಧಾರಿತ ಹೋಲ್ಮಿಯಂ ಜೊತೆ ಥೂಲಿಯಂ ಹೋಲಿಸಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಂದರೆ, ಕಲ್ಲು ನಾಳದಲ್ಲಿದ್ದರೆ ಹೊಸ ಲೇಸರಿಗಾಗಿ ಸಾಲ ಬೇಡ. ಕಿಡ್ನಿಯೊಳಗಿದ್ದರೆ ಡಾಕ್ಟರನ್ನು ಕೇಳಿ ನೋಡಿ. ಎರಡೂ ಲೇಸರ್ ಬಿಸಿ ಹುಟ್ಟಿಸುತ್ತವೆ. ಹೆಚ್ಚಾದರೆ ನಾಳಕ್ಕೆ ಪೆಟ್ಟು. ಆದ್ದರಿಂದ ಯಂತ್ರಕ್ಕಿಂತ ಅದನ್ನು ಹಿಡಿದ ಕೈ ಮುಖ್ಯ.

*5. ಕೇಳಬೇಕಾದ ಪ್ರಶ್ನೆಗಳು*
✅ ಕಲ್ಲು ಎಷ್ಟು ಮಿ.ಮೀ., ಎಲ್ಲಿದೆ?
✅ ಔಷಧಿ ಕೊಟ್ಟು ಕಾಯಬಹುದಾ?
✅ ಪ್ಯಾಕೇಜಿನಲ್ಲಿ ಸ್ಟೆಂಟ್ ತೆಗೆಯುವ ಖರ್ಚು ಸೇರಿದೆಯಾ?

*6. ಸ್ಟೆಂಟ್ ಮರೆಯಬೇಡಿ!*
ಆಪರೇಷನ್ ನಂತರ ಒಳಗೆ ಸಣ್ಣ ನಳಿಕೆ ಇಟ್ಟಿರುತ್ತಾರೆ. ನೋವು ಹೋಯಿತೆಂದು ಊರಿಗೆ ಹೋಗಿ ಮರೆತರೆ ಅದರ ಮೇಲೇ ಕಲ್ಲು ಕಟ್ಟಿ, ಕಿಡ್ನಿಯೇ ಹಾಳಾಗಬಹುದು. ತೆಗೆಸುವ ದಿನಾಂಕ ಬರೆಸಿಕೊಳ್ಳಿ, ಮನೆಯಲ್ಲಿ ಇಬ್ಬರಿಗೆ ಹೇಳಿಡಿ. ಊರಲ್ಲೇ ಇದ್ದರೆ ಡಿಸ್ಚಾರ್ಜ್ ಚೀಟಿ ತೋರಿಸಿ ಅಲ್ಲಿನ ಯುರಾಲಜಿಸ್ಟ್ ಹತ್ತಿರವೂ ತೆಗೆಸಬಹುದು.

*7. ಹಣದ ವಿಚಾರ*
ಪಂಜಗುಟ್ಟದ ನಿಮ್ಸ್, ಉಸ್ಮಾನಿಯಾ, ಗಾಂಧಿ ಆಸ್ಪತ್ರೆಗಳಲ್ಲಿ ಯುರಾಲಜಿ ವಿಭಾಗವಿದೆ. ತೆಲಂಗಾಣದ ಆರೋಗ್ಯಶ್ರೀ ಮಿತಿ 2023ರ ಡಿಸೆಂಬರಿನಿಂದ 10 ಲಕ್ಷ ರೂಪಾಯಿ. ಇಲ್ಲಿನ ಕಾರ್ಡ್ ಇದೆಯೋ, ಊರಿನದೋ ಎಂಬುದನ್ನು ಮೊದಲೇ ಆರೋಗ್ಯಮಿತ್ರರಿಗೆ ತೋರಿಸಿ ಕೇಳಿ.

🚨 ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ ಬೆಳಗಾಗಲಿ ಎನ್ನಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ. ಇದು ಜೀವಕ್ಕೇ ಅಪಾಯ.

ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ, ಉಪ್ಪು ಕಮ್ಮಿ ಮಾಡಿ. ಸೈಟಿನಲ್ಲಿ ದುಡಿಯುವ ನಮ್ಮವರಿಗೂ, ಊರಿನ ಗ್ರೂಪಿಗೂ ಇದನ್ನು ಕಳುಹಿಸಿ.