ನಮ್ಮ ದೇಹದ ಅವಳಿ ಯಾರ ಕೈಯಲ್ಲಿ?

ರೋಗಿಯ ಡಿಜಿಟಲ್ ಪ್ರತಿರೂಪ ಕಟ್ಟಿಕೊಂಡು ಊಟ, ಔಷಧ, ಶಸ್ತ್ರಚಿಕಿತ್ಸೆ ನಿರ್ಧರಿಸುವ ಪದ್ಧತಿ ಕಾಲಿಟ್ಟಿದೆ. ಅದರ ಮಾತನ್ನು ಎಷ್ಟು ನಂಬಬೇಕು, ತಪ್ಪಿದರೆ ಯಾರನ್ನು ಕೇಳಬೇಕು?

ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಯಂತ್ರ ನೋಡುವವರೂ ಮನುಷ್ಯರನ್ನು ನೋಡುವವರೂ ಒಂದೇ ರಸ್ತೆಯಲ್ಲಿದ್ದಾರೆ. ತುಮಕೂರು ರಸ್ತೆ ಹಿಡಿದು ಮುಂದೆ ಹೋದರೆ ಪೀಣ್ಯದ ಕಾರ್ಖಾನೆಗಳು. ಯಶವಂತಪುರದ ಕಡೆ ತಿರುಗಿದರೆ ಕೇಂದ್ರ ಸರ್ಕಾರದ ಯಂತ್ರೋತ್ಪಾದನಾ ಸಂಶೋಧನಾ ಸಂಸ್ಥೆ ಸಿಎಂಟಿಐ. ಅದೇ ರಸ್ತೆಯಲ್ಲಿ ಪೀಪಲ್ ಟ್ರೀ, ಸ್ಪರ್ಶ್ ಆಸ್ಪತ್ರೆಗಳ ಬೋರ್ಡುಗಳು. ಯಂತ್ರಕ್ಕೆ ಸೆನ್ಸರ್ ಕಟ್ಟಿ, ಸ್ಪಿಂಡಲ್‌ನ ಅದುರು, ಬೇರಿಂಗ್‌ನ ಬಿಸಿ ಅಳೆದು, ಕಂಪ್ಯೂಟರಿನೊಳಗೆ ಅದರದೇ ಪ್ರತಿರೂಪ ಓಡಿಸಿ, ಯಾವಾಗ ಕೈಕೊಡುತ್ತದೆ ಎಂದು ಮೊದಲೇ ತಿಳಿಯುವ ವಿದ್ಯೆ ಕಾರ್ಖಾನೆಯವರಿಗೆ ಹೊಸದಲ್ಲ. ಅದಕ್ಕೇ ಡಿಜಿಟಲ್ ಅವಳಿ ಎನ್ನುತ್ತಾರೆ. ಆ ವಿದ್ಯೆ ಈಗ ಆಸ್ಪತ್ರೆಯ ಬಾಗಿಲಿಗೆ ಬಂದಿದೆ.

ಲೇತ್‌ಗೆ ಅದನ್ನು ಮಾಡಿದವರ ಕೈಯಲ್ಲೇ ಡ್ರಾಯಿಂಗ್ ಇರುತ್ತದೆ. ದೇಹಕ್ಕೆ ಅಂಥ ಡ್ರಾಯಿಂಗ್ ಯಾರ ಬಳಿಯೂ ಇಲ್ಲ. ವೈದ್ಯಕೀಯದ ಅವಳಿಯ ಬಗೆಗಿನ ಎಲ್ಲ ತಕರಾರೂ ಇಲ್ಲಿಂದಲೇ ಹುಟ್ಟುತ್ತದೆ.

1970ರಲ್ಲಿ ಅಪೊಲೊ 13 ನೌಕೆ ಬಾಹ್ಯಾಕಾಶದಲ್ಲಿ ಹಾನಿಗೊಂಡಾಗ ನಾಸಾ ಎಂಜಿನಿಯರುಗಳು ಭೂಮಿಯ ಮೇಲಿನ ಸಿಮ್ಯುಲೇಟರುಗಳಲ್ಲಿ ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸಿ ಗಗನಯಾತ್ರಿಗಳನ್ನು ವಾಪಸು ಕರೆತಂದರು. 2002ರಲ್ಲಿ ಮೈಕೆಲ್ ಗ್ರೀವ್ಸ್ ಈ ಯೋಚನೆಗೆ ಕಾರ್ಖಾನೆಯ ಭಾಷೆಯಲ್ಲಿ ರೂಪ ಕೊಟ್ಟರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2023ರ ಕೊನೆಯಲ್ಲಿ ಹೊರತಂದ ವರದಿ ಒಂದು ಗೆರೆ ಎಳೆಯಿತು: ಮಾಹಿತಿ ಎರಡೂ ಕಡೆ ಹರಿಯಬೇಕು. ದೇಹದ ಅಳತೆಗಳು ಮಾದರಿಯನ್ನು ದಿನದಿನವೂ ತಿದ್ದಬೇಕು, ಮಾದರಿ ಹೇಳಿದ್ದು ದೇಹದ ಮೇಲಿನ ನಿರ್ಧಾರಕ್ಕೆ ಬರಬೇಕು. ಒಮ್ಮೆ ಸ್ಕ್ಯಾನ್ ಮಾಡಿ ಮೂರು ಆಯಾಮದ ಚಿತ್ರ ತೋರಿಸಿದ ಮಾತ್ರಕ್ಕೆ ಅದು ಅವಳಿಯಲ್ಲ. ಜಾಹೀರಾತು ನೋಡುವಾಗ ಈ ಗೆರೆ ನೆನಪಿರಲಿ.

ಪೂರ್ಣ ಅರ್ಥದ ಅವಳಿಯಲ್ಲದ ಮಾದರಿಗಳಿಂದಲೂ ಆಗಿರುವ ಉಪಕಾರ ದೊಡ್ಡದು. ಟೈಪ್ 1 ಮಧುಮೇಹಕ್ಕೆ ಸಕ್ಕರೆ ನೋಡಿ ತಾನೇ ಇನ್ಸುಲಿನ್ ಕೊಡುವ ಪಂಪ್ ರೂಪಿಸುವವರು ಮೊದಲು ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಕಿತ್ತು. ವರ್ಜೀನಿಯಾ ಮತ್ತು ಪಡುವಾ ವಿಶ್ವವಿದ್ಯಾಲಯಗಳು ಕಟ್ಟಿದ ಕಂಪ್ಯೂಟರ್ ರೋಗಿಗಳನ್ನು ಆ ಪ್ರಯೋಗಕ್ಕೆ ಬದಲಿಯಾಗಿ ಬಳಸಲು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2008ರಲ್ಲಿ ಒಪ್ಪಿತು. ಸಿಟಿ ಸ್ಕ್ಯಾನಿನಿಂದ ಹೃದಯದ ರಕ್ತನಾಳಗಳ ಮಾದರಿ ಕಟ್ಟಿ, ಯಾವ ಅಡೆತಡೆ ರಕ್ತದ ಹರಿವನ್ನು ನಿಜಕ್ಕೂ ತಗ್ಗಿಸುತ್ತಿದೆ ಎಂದು ಲೆಕ್ಕ ಹಾಕುವ ಹಾರ್ಟ್‌ಫ್ಲೋ ತಂತ್ರಕ್ಕೆ 2014ರಲ್ಲಿ ಅನುಮತಿ ಸಿಕ್ಕಿತು. ಅದರಿಂದ ಎಷ್ಟೋ ಜನಕ್ಕೆ ತೊಡೆಯಿಂದಲೋ ಕೈಯಿಂದಲೋ ಕೊಳವೆ ತೂರಿಸಿ ಮಾಡುವ ಆಂಜಿಯೋಗ್ರಾಂ ತಪ್ಪುತ್ತದೆ.

ತೋಳಿನ ಮೇಲೊಂದು ಬಿಲ್ಲೆ

ನಮಗೆ ತೀರ ಹತ್ತಿರದ ಉದಾಹರಣೆ ಸಕ್ಕರೆ ಕಾಯಿಲೆಯದು. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಟ್ವಿನ್ ಹೆಲ್ತ್ ಎಂಬ ಕಂಪನಿ 'ಇಡೀ ದೇಹದ ಡಿಜಿಟಲ್ ಅವಳಿ'ಯನ್ನು ಭಾರತದಲ್ಲಿ ಪ್ರಯೋಗಕ್ಕೆ ಒಡ್ಡಿತು. ಅದರ ಪ್ರಬಂಧಗಳಲ್ಲಿ ಬೆಂಗಳೂರಿನ ವೈದ್ಯ ಡಾ. ಪರಮೇಶ್ ಶಾಮಣ್ಣ ಅವರ ಹೆಸರು ಮುಂದಿದೆ. ತೋಳಿಗೆ ನಾಣ್ಯದಷ್ಟಗಲದ ಸೆನ್ಸರ್ ಅಂಟಿಸುತ್ತಾರೆ. ಕೂದಲೆಳೆಯಂಥ ತಂತಿ ಚರ್ಮದಡಿ ಕೂತು ಎರಡು ವಾರ ಹಗಲೂ ರಾತ್ರಿ ಗ್ಲೂಕೋಸ್ ಅಳೆಯುತ್ತದೆ. ಕೈಗಡಿಯಾರ ನಿದ್ದೆ, ನಡಿಗೆ, ನಾಡಿ ನೋಡುತ್ತದೆ. ತಿಂದದ್ದನ್ನೆಲ್ಲ ಆ್ಯಪ್‌ಗೆ ಹೇಳಬೇಕು. ಯಾವ ಊಟಕ್ಕೆ ನಿಮ್ಮ ಸಕ್ಕರೆ ಎಷ್ಟು ಏರಬಹುದು ಎಂದು ಅವಳಿ ಮುಂಚೆಯೇ ಅಂದಾಜಿಸಿ, ಏನು ತಿನ್ನಿ, ಏನು ಬಿಡಿ ಎನ್ನುತ್ತದೆ. ಮಾತ್ರೆ ಕಡಿಮೆ ಮಾಡುವುದು ವೈದ್ಯರ ಕೆಲಸ.

ಇದೇ ಪದ್ಧತಿಯ ಮೇಲೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ನಡೆಸಿದ 150 ಜನರ ಒಂದು ವರ್ಷದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅವಳಿ ಬಳಸಿದವರಲ್ಲಿ 71% ಜನ ಮೆಟ್‌ಫಾರ್ಮಿನ್ ಬಿಟ್ಟರೆ ಬೇರೆ ಸಕ್ಕರೆ ಮಾತ್ರೆಯಿಲ್ಲದೆ ಸರಾಸರಿ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿಯನ್ನು 6.5%ಕ್ಕಿಂತ ಕೆಳಗಿಳಿಸಿದರು. ಸಂತೋಷದ ಸುದ್ದಿ. ಆದರೆ ಅವರಿಗೆ ಸೆನ್ಸರ್ ಜೊತೆಗೆ ವಿಚಾರಿಸಿಕೊಳ್ಳುವ ಕೋಚ್ ಇದ್ದರು, ಕಣ್ಣಿಟ್ಟ ವೈದ್ಯರಿದ್ದರು. ಹೋಲಿಕೆಯ ಗುಂಪಿಗೆ ಸಿಕ್ಕಿದ್ದು ಮಾಮೂಲಿ ಚಿಕಿತ್ಸೆ. ಕಾಯಿಲೆ ಹಿಮ್ಮೆಟ್ಟಿದ್ದರಲ್ಲಿ ಗಣಕದ ಪಾಲೆಷ್ಟು, ಮನುಷ್ಯರ ಕಾಳಜಿಯ ಪಾಲೆಷ್ಟು? ಇದನ್ನು ಬಿಡಿಸಿ ನೋಡುವ ಅಧ್ಯಯನ ಬೇಕು. ಭಾರತದ ಪ್ರಬಂಧಗಳ ಲೇಖಕರಲ್ಲಿ ಹಲವರು ಕಂಪನಿಗೆ ಸೇರಿದವರೆಂದು ಆ ಪ್ರಬಂಧಗಳೇ ತಿಳಿಸಿವೆ. ಹಾಗಾಗಿ ಸ್ವತಂತ್ರ ತಂಡಗಳು ಇದನ್ನು ಮತ್ತೆ ಪರೀಕ್ಷಿಸುವುದು ಎಲ್ಲರಿಗೂ ಒಳ್ಳೆಯದು.

ಈಗ ಪೀಣ್ಯದ ಒಬ್ಬ ಕಾರ್ಮಿಕರನ್ನು ಯೋಚಿಸಿ. ಒಂದು ವಾರ ಹಗಲು ಪಾಳಿ, ಮತ್ತೊಂದು ವಾರ ನೈಟ್ ಶಿಫ್ಟ್. ಬೆಳಗಿನ ಜಾವ ಮೂರಕ್ಕೆ ಬನ್ನು, ಟೀ. ಮನೆಗೆ ಬಂದು ಮುದ್ದೆ, ಬಸ್ಸಾರು ಉಂಡು ಹಗಲೆಲ್ಲ ನಿದ್ದೆ. ಮುದ್ದೆಯ ಗಾತ್ರ ಮನೆಮನೆಗೂ ಬೇರೆ. ಆ್ಯಪ್‌ನಲ್ಲಿ 'ಒಂದು ಮುದ್ದೆ' ಎಂದರೆ ಎಷ್ಟು ಗ್ರಾಂ ಎಂಬುದರ ಮೇಲೆ ಲೆಕ್ಕವೆಲ್ಲ ಅಡಿಮೇಲಾಗುತ್ತದೆ. ನಿದ್ದೆಯ ಹೊತ್ತು ಬದಲಾದರೆ ದೇಹ ಸಕ್ಕರೆಯನ್ನು ನಿಭಾಯಿಸುವ ರೀತಿಯೂ ಬದಲಾಗುತ್ತದೆ. ಹೊತ್ತಿಗೆ ಸರಿಯಾಗಿ ಉಂಡು ಮಲಗುವವರಿಂದ ಕಲಿತ ಮಾದರಿ ಇವರ ಬಗ್ಗೆ ಧೈರ್ಯವಾಗಿ ತಪ್ಪು ಹೇಳಬಲ್ಲದು. ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಆಸ್ಪತ್ರೆಯನ್ನೇ ನಂಬಿದ ಇಂಥವರ ಮಾಹಿತಿ ಮಾದರಿಯೊಳಗೆ ಸೇರದಿದ್ದರೆ, ಅದರ ಲಾಭವೂ ಅವರಿಗೆ ಸೇರುವುದಿಲ್ಲ.

ಇದು ಬರೀ ಅನುಮಾನವಲ್ಲ. ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರದು 9.1%, ಯಾಜ್ಞಿಕರದು 21.2%. ಒಂದೇ ಅಂಕಿಯ ಹಿಂದೆ ಎರಡು ಬೇರೆಯೇ ದೇಹಗಳು! ಇನ್ನೊಂದು ದೇಶದವರ ಅಂಕಿಗಳನ್ನು ಉಂಡು ಬೆಳೆದ ಅವಳಿ ನಮ್ಮವರನ್ನು ಹೇಗೆ ಓದೀತು?

ಭಾರ ಹಾಕಿ ನೋಡಿದ ಮೇಲೆಯೇ

ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗಿನ ಮೇಲ್ಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿದ್ದು ಈ ಭಾಗದವರಿಗೆ ಮರೆತಿರಲಾರದು. 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್ ತುಕ್ಕು ಹಿಡಿದಿತ್ತು. ಎಂಜಿನಿಯರುಗಳ ಬಳಿ ಲೆಕ್ಕವಿತ್ತು, ನಕ್ಷೆಯಿತ್ತು. ಅಷ್ಟನ್ನೇ ನಂಬಿ ಲಾರಿ ಬಿಡಲಿಲ್ಲ. ಸೇತುವೆಯ ಮೇಲೆ ಭಾರ ಹಾಕಿ ಪರೀಕ್ಷಿಸಿದರು, ಐಐಎಸ್‌ಸಿ ತಜ್ಞರ ಅಭಿಪ್ರಾಯ ಕೇಳಿದರು. ಭಾರೀ ವಾಹನಗಳಿಗೆ ದಾರಿ ಬಿಟ್ಟದ್ದು 2024ರ ಜುಲೈ ಕೊನೆಗೆ, ಅದೂ ಶುಕ್ರವಾರ ಬಿಟ್ಟು. ರೋಗಿಯ ಅವಳಿಗೂ ಇದೇ ಶಿಸ್ತು ಇರಲಿ ಎಂಬುದು ನನ್ನ ವಾದ. ನಮ್ಮ ಜನರ ಮೇಲೆ ಪರೀಕ್ಷೆಯಾಗಲಿ, ಬಳಕೆಗೆ ಬಂದ ಮೇಲೂ ಆಗಾಗ ತಪಾಸಣೆ ನಡೆಯಲಿ.

ಹಾಗೆ ನೋಡದೆ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯಿದೆ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿದ್ದ, ರಕ್ತದ ಸೋಂಕನ್ನು ಮುಂಚೆಯೇ ಪತ್ತೆಹಚ್ಚುವ ಎಪಿಕ್ ಕಂಪನಿಯ ಮಾದರಿಯನ್ನು ಮಿಷಿಗನ್ ವೈದ್ಯರು 2021ರಲ್ಲಿ ಒರೆಗೆ ಹಚ್ಚಿದರು. ಸೋಂಕು ತಗುಲಿದವರಲ್ಲಿ 67% ಜನರನ್ನು ಅದು ಗುರುತಿಸಿರಲೇ ಇಲ್ಲ. ಅದು ಪೂರ್ಣ ಅರ್ಥದ ಅವಳಿಯಲ್ಲ, ನಿಜ. ಆದರೆ ಆ ಮಾದರಿಯ ಮೇಲಿದ್ದ ನಂಬಿಕೆಯೂ ಇಂಥದೇ.

ಕಾಯ್ದೆ ಎಲ್ಲಿ ನಿಂತಿದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ರೋಗಿಗೆ ಬೇಕಾದ್ದು ಸಾಕಷ್ಟಿದೆ. ಸಮ್ಮತಿ ಕೇಳುವ ನೋಟಿಸನ್ನು ಕನ್ನಡವೂ ಸೇರಿ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಕೊಡಬೇಕು. ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಬಹುದು. ನಾವು ಸತ್ತ ಮೇಲೆ ಅಥವಾ ದೇಹ, ಮನಸ್ಸು ಅಶಕ್ತವಾದಾಗ ಈ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡಬಹುದು.

ಕೊರತೆಗಳೂ ಸಣ್ಣವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ವರ್ಗವೆಂದು ಪ್ರತ್ಯೇಕಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು, ಆದರೆ ಅದು ಸೇರುವುದು ಸರ್ಕಾರದ ಖಜಾನೆಗೆ. ಮಾಹಿತಿ ಸೋರಿ ನೊಂದ ರೋಗಿಗೆ ಈ ಕಾಯ್ದೆಯಡಿ ಒಂದು ಪೈಸೆ ಪರಿಹಾರವಿಲ್ಲ. ಪರಿಹಾರಕ್ಕೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನೂ ಇದು ತೆಗೆದುಹಾಕುತ್ತದೆ. ಇದು ಅನ್ಯಾಯ, ತಿದ್ದಲೇಬೇಕಾದ ಅನ್ಯಾಯ. ಇನ್ನು ಹೊಸ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗುವುದು ಅಲ್ಲಿಂದ 18 ತಿಂಗಳಿಗೆ. ನನ್ನ ಅಳತೆಗಳಿಂದ ಯಂತ್ರ ತಾನೇ ಊಹಿಸಿದ್ದರ ಮೇಲೆ ನನಗೆಷ್ಟು ಹಕ್ಕು? ಸಮ್ಮತಿ ಹಿಂಪಡೆದರೆ ನನ್ನಿಂದ ಕಲಿತದ್ದನ್ನು ಮಾದರಿ ಮರೆಯಬೇಕೆ? ಕಾಯ್ದೆ ಇದನ್ನು ಬಿಡಿಸಿ ಹೇಳಿಲ್ಲ.

ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅದೇ ನ್ಯಾಯದಿಂದ, ಚಿಕಿತ್ಸೆಗೆಂದು ಕೊಟ್ಟ ಒಪ್ಪಿಗೆ ಕಂಪನಿಯ ಮಾದರಿಗೆ ಪಾಠ ಹೇಳಲು ಒಪ್ಪಿಗೆಯಾಗಬಾರದು. ಎರಡಕ್ಕೂ ಬೇರೆ ಬೇರೆ ಸಹಿ ಬೇಕು.

ತಪ್ಪಾದರೆ ಹೊಣೆ ಯಾರದು? ದುಡ್ಡು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತದೆಂದು 1995ರಲ್ಲೇ ತೀರ್ಮಾನವಾಗಿದೆ. ರೋಗ ನಿರ್ಣಯಕ್ಕೆ, ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರ್ ಕೂಡ 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನಗಳ ಕಾನೂನಿನ ವ್ಯಾಪ್ತಿಯಲ್ಲಿದೆ. ಐಸಿಎಂಆರ್ 2023ರ ಮಾರ್ಗಸೂಚಿಯಲ್ಲಿ ಕೃತಕ ಬುದ್ಧಿಮತ್ತೆಯ ಮೇಲೆ ಮನುಷ್ಯರ ಉಸ್ತುವಾರಿ ಬೇಕೆಂದಿದೆ, ಆದರೆ ಮಾರ್ಗಸೂಚಿ ಕಾನೂನಲ್ಲ. ಅವಳಿಯ ಮಾತು ಕೇಳಿ ಕೆಟ್ಟರೂ, ಕೇಳದೆ ಕೆಟ್ಟರೂ ಮೊದಲು ಕಟಕಟೆ ಹತ್ತುವವರು ವೈದ್ಯರೇ. ಒಳಗಿನ ಲೆಕ್ಕವನ್ನು ಬಚ್ಚಿಟ್ಟುಕೊಂಡ ಕಂಪನಿ ಆಚೆ ನಿಂತು ನೋಡುವಂತಿರಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚಿನ ಭಯ ವಿಮೆಯದು. ಹತ್ತು ವರ್ಷಕ್ಕೆ ಹೃದಯದ ತೊಂದರೆ ಬರಬಹುದು ಎಂದು ಅವಳಿ ಇಂದು ಹೇಳಿತು ಅನ್ನಿ. ಪಾಲಿಸಿ ಅರ್ಜಿಯಲ್ಲಿ ಅದನ್ನು ಬರೆಯಬೇಕೆ? ಬರೆಯದಿದ್ದರೆ ಮುಚ್ಚಿಟ್ಟಂತಾಯಿತೆ? 60 ತಿಂಗಳು ಸತತ ಪ್ರೀಮಿಯಂ ಕಟ್ಟಿದವರ ಕ್ಲೇಮನ್ನು, ವಂಚನೆ ಸಾಬೀತಾಗದ ಹೊರತು, ರೋಗ ಮುಚ್ಚಿಟ್ಟ ನೆಪದಲ್ಲಿ ತಳ್ಳುವಂತಿಲ್ಲ ಎಂಬ 2024ರ ನಿಯಮ ಸ್ವಲ್ಪ ಆಸರೆ. ಆನುವಂಶಿಕ ಕಾಯಿಲೆಯ ಹೆಸರಿನಲ್ಲಿ ವಿಮೆ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತ್ತು. ಬಾರದಿರುವ ಕಾಯಿಲೆಯ ಊಹೆಗೂ ಅಂಥದೇ ರಕ್ಷಣೆಯನ್ನು ಸಂಸತ್ತು ಬರೆದುಕೊಡಬೇಕು. ಕೆಲಸ ಕೊಡುವವರಿಗೂ ಆ ಊಹೆ ಸಿಗಬಾರದು.

ರಾಜ್ಯ ಸರ್ಕಾರ ಸಂಸತ್ತಿಗೆ ಕಾಯಬೇಕಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ರೋಗಿಗಳ ಹಕ್ಕುಪಟ್ಟಿ ಈಗಾಗಲೇ ಇದೆ. ಚಿಕಿತ್ಸೆಯ ನಿರ್ಧಾರದಲ್ಲಿ ಗಣಕ ಮಾದರಿ ಬಳಸಿದ್ದರೆ ಅದನ್ನು ರೋಗಿಗೆ ತಿಳಿಸಬೇಕು ಎಂಬ ಒಂದು ಸಾಲನ್ನು ಅದಕ್ಕೆ ಸೇರಿಸಲಿ. ಓದುಗರೇ, ನಿಮ್ಮ ಮನೆಯವರ ತೋಳಿಗೆ ಸೆನ್ಸರ್ ಅಂಟಿಸುವ ಮುನ್ನ ಸಮ್ಮತಿ ಪತ್ರವನ್ನು ಕನ್ನಡದಲ್ಲಿ ಕೇಳಿ. ಮಾಹಿತಿ ಯಾರಿಗೆಲ್ಲ ಹೋಗುತ್ತದೆ, ಕೊನೆಯ ಮಾತು ಯಾವ ವೈದ್ಯರದು ಎಂದು ವಿಚಾರಿಸಿ. ಉತ್ತರ ಬರೆದುಕೊಡಲು ಒಪ್ಪದ ಕಡೆ ಸಹಿ ಹಾಕಬೇಡಿ.