ಮನೆಯಡಿಯ ಒರತೆ

ವಿಜಯಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟಲು 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಅವರ ಹೆಸರನ್ನೇ ಹೊತ್ತ ಆ ಜಲಾಶಯದಲ್ಲಿ ಈಗ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲುತ್ತದೆ. ಬರದ ನಾಡೆನಿಸಿದ್ದ ಪ್ರದೇಶಕ್ಕೆ ಇದು ಭಾಗ್ಯವೇ ಸರಿ. ಆದರೆ ನೀರು ನಾವು ಗೊತ್ತುಮಾಡಿದ ಎಲ್ಲೆಯೊಳಗೆ ಮಾತ್ರ ಇರುವ ವಸ್ತುವಲ್ಲ. ಜಲಾಶಯ ತುಂಬಿದಾಗ ಅದರ ದಂಡೆಯ ನೆಲದೊಳಗಿನ ನೀರಿನ ಮಟ್ಟವೂ ಮೆಲ್ಲಮೆಲ್ಲನೆ ಏರುತ್ತದೆ. ಕಾಲುವೆಯ ನೀರು ಮಿತಿಮೀರಿ ನಿಂತ ಹೊಲಗಳಲ್ಲಿಯೂ ಹೀಗೆಯೇ ಆಗುತ್ತದೆ. ಅಂಥ ಹೊಲವನ್ನು ನಮ್ಮ ರೈತರು ಸವಳು-ಜವಳು ಭೂಮಿ ಎನ್ನುತ್ತಾರೆ. ಹೊಲಕ್ಕೆ ಬಂದ ಜವಳು ಮನೆಗೂ ಬಂದರೆ ಮಾಡುವುದೇನು?

ಈ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದಲ್ಲಿ ತೋಡಿದ ಕಿರಿಬಾಯಿಯ ಆಳವಾದ ಕಣಜವೇ ಹಗೇವು. ಬಾಯಿಗೆ ಕಲ್ಲುಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆ ಜಾಣ್ಮೆಯೆಲ್ಲ ನಿಂತಿದ್ದುದು ಒಂದೇ ಒಂದು ನಂಬಿಕೆಯ ಮೇಲೆ: ನೆಲದಡಿ ಒಣಗಿದೆ ಎಂಬುದರ ಮೇಲೆ. ಅಂತರ್ಜಲ ಮೇಲೇರಿದಲ್ಲಿ ಹಗೇವಿಗೆ ಎಡೆಯಿಲ್ಲ. ಇಂದಿನ ನೆಲಮಾಳಿಗೆಗೂ, ತಗ್ಗಿನಲ್ಲಿ ಕಟ್ಟಿದ ಉಗ್ರಾಣಕ್ಕೂ ಅದೇ ಅಪಾಯವುಂಟು. ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿಯ ಪುಡಿ ಕಾಣಿಸುತ್ತದೆ, ಗಿಲಾವು ಉದುರುತ್ತದೆ, ಕಾಳಿನ ಚೀಲ ತಳದಿಂದ ಬೂಷ್ಟು ಹಿಡಿಯುತ್ತದೆ.

ಆಗ ಹಲವರು ನೆಲಕ್ಕೆ ಮತ್ತೊಂದು ಪದರ ಸಿಮೆಂಟು ಬಳಿಯುತ್ತಾರೆ. ನೀರಿನ ಬಲವನ್ನು ಲೆಕ್ಕ ಹಾಕದೆ ಮಾಡುವ ಕೆಲಸವಿದು. ನೆಲಗಟ್ಟಿಗಿಂತ ಒಂದು ಮೀಟರ್ ಮೇಲೆ ಅಂತರ್ಜಲವಿದ್ದರೆ, ಅದು ಪ್ರತಿ ಚದರ ಮೀಟರ್ ನೆಲವನ್ನು ಸುಮಾರು 1,000 ಕಿಲೋಗ್ರಾಂ ಭಾರದಷ್ಟು ಬಲದಿಂದ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ತೆಳುವಾದ ಗಿಲಾವು ಇದನ್ನು ತಡೆಯಲಾರದು. ಒತ್ತುವ ನೀರಿಗೆ ಹೋಗಲು ದಾರಿ ಕೊಡಬೇಕು. ಕಲ್ಲು ಕಾಂಕ್ರೀಟಿನ ಎತ್ತರವಾದ ಅಣೆಕಟ್ಟುಗಳ ಒಡಲಿನಲ್ಲಿಯೂ ಇದಕ್ಕಾಗಿಯೇ ಸುರಂಗವನ್ನು ಬಿಟ್ಟಿರುತ್ತಾರೆ. ಜಿನುಗಿದ ನೀರು ಅಲ್ಲಿಂದ ಗುಂಡಿಗೆ ಸೇರುತ್ತದೆ. ತಾನಾಗಿ ಹರಿದುಹೋಗದ ಕಡೆ ಪಂಪು ಅದನ್ನು ಹೊರಹಾಕುತ್ತದೆ. ಮನೆಯ ಸಂಪ್ ಪಂಪು ಇದರ ಕಿರಿಯ ರೂಪ.

ನಮ್ಮ ಪಟ್ಟಣಗಳಲ್ಲಿ ಸಂಪ್ ಎಂದರೆ ನಲ್ಲಿಯ ನೀರನ್ನು ಕೂಡಿಡುವ ತೊಟ್ಟಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ಇದರ ಕೆಲಸ ನೀರನ್ನು ಕೂಡಿಡುವುದಲ್ಲ, ಕೂಡಿಸಿ ಕಳುಹಿಸುವುದು. ನೆಲಮಾಳಿಗೆಯ ಅತ್ಯಂತ ತಗ್ಗಾದ ಮೂಲೆಯಲ್ಲಿ ಗುಂಡಿಯನ್ನು ತೋಡಬೇಕು. ಗೋಡೆಗಳ ಬುಡದಲ್ಲಿ, ನೆಲಗಟ್ಟಿನ ಕೆಳಗೆ, ತೂತುಗಳುಳ್ಳ ಕೊಳವೆಯನ್ನು ಗುಂಡಿಯ ಕಡೆಗೆ ಇಳಿಜಾರಾಗಿ ಹೂಳಬೇಕು. ಅದರ ಸುತ್ತ ಗರಸು, ದಪ್ಪ ಮರಳುಗಳನ್ನು ತುಂಬುವುದನ್ನು ಎಂದಿಗೂ ಮರೆಯಬಾರದು. ಈ ಸೋಸುಪದರವಿಲ್ಲದಿದ್ದರೆ ನೀರಿನೊಡನೆ ನುಣ್ಣನೆಯ ಮಣ್ಣೂ ಬರುತ್ತದೆ. ಪಂಪು ಅದನ್ನೂ ಎತ್ತಿಹಾಕುತ್ತದೆ. ಕಾಲಕ್ರಮದಲ್ಲಿ ತಳಪಾಯದ ಕೆಳಗೆ ಪೊಳ್ಳಾಗುತ್ತದೆ. ಪಂಪಿನಿಂದ ದಿನವೂ ಕದಡಿದ ನೀರು ಬರುತ್ತಿದ್ದರೆ ಅದನ್ನು ನಿಲ್ಲಿಸಿ ಕಾರಣವನ್ನು ಹುಡುಕಬೇಕು.

ಎಂಥ ಪಂಪು ಬೇಕು? ಒರತೆ ಜೋರಾಗಿರುವ ದಿನ 60 ಸೆಂಟಿಮೀಟರ್ ಅಡ್ಡಳತೆಯ ದುಂಡು ಗುಂಡಿಯಲ್ಲಿ ನಿಮಿಷಕ್ಕೆ 5 ಸೆಂಟಿಮೀಟರ್ ನೀರು ಏರಿತೆನ್ನೋಣ. ಒಳಬರುವ ನೀರು ನಿಮಿಷಕ್ಕೆ ಸುಮಾರು 14 ಲೀಟರ್. ಇದರ ಎರಡರಷ್ಟನ್ನು, ಅಂದರೆ 28 ಲೀಟರನ್ನು, 3 ಮೀಟರ್ ಮೇಲಕ್ಕೆ ಎತ್ತಬಲ್ಲ ಪಂಪಿದ್ದರೆ ಸಾಕು. ಕಾಲು ಅಶ್ವಶಕ್ತಿಯ ಪಂಪಿಗೆ ಇದು ಹೊರೆಯೇನಲ್ಲ. ದೊಡ್ಡ ಪಂಪೇ ಒಳ್ಳೆಯದೆಂಬ ಭ್ರಮೆ ಸಲ್ಲದು. ಅದು ಕ್ಷಣದಲ್ಲಿ ಗುಂಡಿ ಬರಿದುಮಾಡಿ, ಮತ್ತೆ ಮತ್ತೆ ನಿಂತು ಹೊರಟು, ಬೇಗನೆ ಸವೆಯುತ್ತದೆ.

ಪಂಪಿಗೆ ಒಂದು ತೇಲುಗುಂಡು ಇರುತ್ತದೆ. ನೀರಿನೊಡನೆ ಅದು ಮೇಲೇರಿದಾಗ ವಿದ್ಯುತ್ ಹರಿಯುತ್ತದೆ, ಕೆಳಗಿಳಿದಾಗ ನಿಲ್ಲುತ್ತದೆ. ಹೊರಗೊಯ್ಯುವ ಕೊಳವೆಯಲ್ಲಿ ಹಿಮ್ಮುಖ ಹರಿವನ್ನು ತಡೆಯುವ ಕವಾಟವಿರಬೇಕು. ಇಲ್ಲವಾದರೆ ಎತ್ತಿದ ನೀರಿನಲ್ಲಿ ಕೊಳವೆಯಲ್ಲುಳಿದುದು ಮರಳಿ ಗುಂಡಿಗೇ ಬೀಳುತ್ತದೆ. ನೀರನ್ನು ಗೋಡೆಯ ಬದಿಯಲ್ಲೇ ಸುರಿಯುವುದು ವ್ಯರ್ಥ ಶ್ರಮ. ಎರೆಭೂಮಿಯಲ್ಲಂತೂ ಅದು ಹಾನಿಕರ, ಏಕೆಂದರೆ ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು, ತಳಪಾಯವನ್ನೇ ಅಲುಗಿಸುತ್ತದೆ. ದೂರದ ಬಸಿಗಾಲುವೆಗೆ ನೀರನ್ನು ಮುಟ್ಟಿಸಬೇಕು, ನೆರೆಮನೆಯ ಹಿತ್ತಿಲಿಗಲ್ಲ! ನೀರೂ ವಿದ್ಯುತ್ತೂ ಕೂಡಿದ ಎಡೆಯಾದುದರಿಂದ ಭೂಸಂಪರ್ಕವೂ, ವಿದ್ಯುತ್ ಸೋರಿದೊಡನೆ ಸಂಪರ್ಕವನ್ನು ಕಡಿಯುವ ಸಾಧನವೂ ಅಗತ್ಯ. ಬಿರುಮಳೆಯ ರಾತ್ರಿಯೇ ಕರೆಂಟು ಹೋಗುವುದು ನಮಗೆಲ್ಲ ತಿಳಿದದ್ದೇ. ಬ್ಯಾಟರಿಯ ಆಸರೆಯಿಲ್ಲದ ಪಂಪು ಬೇಕಾದ ಹೊತ್ತಿಗೆ ಕೈಕೊಡುತ್ತದೆ.

ಈ ಯಂತ್ರಕ್ಕೂ ಮಿತಿಯುಂಟು. 2009ರ ಅಕ್ಟೋಬರಿನಲ್ಲಿ, 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದು ನೀರು ಊರುಗಳಿಗೇ ನುಗ್ಗಿತು. ಅಂಥ ಪ್ರವಾಹವನ್ನು ಕಾಲು ಅಶ್ವಶಕ್ತಿಯ ಪಂಪು ಏನು ಮಾಡೀತು? ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದಾಗ ಅಲ್ಲಿನ ಜನ ನವನಗರಕ್ಕೆ ಹೋಗಬೇಕಾಯಿತು. ಜಲಾಶಯದ ಮಟ್ಟಕ್ಕಿಂತ ತಗ್ಗಿನಲ್ಲಿದ್ದ ಮನೆಗಳಿಗೆ ಬೇರೆ ಉಪಾಯವಿರಲಿಲ್ಲ. ಹೊಸದಾಗಿ ಮನೆ ಕಟ್ಟುವವರು ನೆಲಮಾಳಿಗೆಯನ್ನು ಬಿಟ್ಟು ಅಡಿಪಾಯವನ್ನು ಎತ್ತರಿಸುವುದೇ ಮೇಲು. ಸಂಪ್ ಪಂಪು ಆಗಲೇ ಕಟ್ಟಿದ ಮನೆಗೆ, ನೆಲದಡಿಯಿಂದ ಜಿನುಗುವ ನೀರಿಗೆ.

ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಪಂಪು ಮಳೆಗಾಲಕ್ಕೆ ಅಂಟಿಕೊಂಡಿರಬಹುದು. ಮೃಗಶಿರಾ ಮಳೆಗೆ ಮುನ್ನ ಗುಂಡಿಯ ಕೆಸರನ್ನು ತೆಗೆದು, ನಾಲ್ಕಾರು ಕೊಡ ನೀರು ಹೊಯ್ದು, ತೇಲುಗುಂಡು ಏರುವುದೇ, ಪಂಪು ತಾನಾಗಿ ಹೊರಡುವುದೇ ಎಂದು ನೋಡಬೇಕು.