ರೇಖಾನುಸಾರಿ ರೋಬೋಟ್‌ನ ಆಪ್-ಆಂಪ್ ಮಂಡಲಗಳ ದೋಷಪತ್ತೆ

ರೇಖಾನುಸಾರಿ ರೋಬೋಟ್ ಎಂದರೆ ನೆಲದ ಮೇಲೆ ಅಂಟಿಸಿದ ಅಥವಾ ಬಳಿದ ಕಪ್ಪು ಗೆರೆಯನ್ನು ಬೆಳಕಿನ ಸಂವೇದಕಗಳ ಮೂಲಕ ಗುರುತಿಸಿ, ಆ ಗೆರೆಯ ಗುಂಟ ತಾನಾಗಿಯೇ ಸಾಗುವ ಪುಟ್ಟ ಗಾಡಿ. ಇದನ್ನು ಲೈನ್ ಫಾಲೋವರ್ ಎಂದೂ ಕರೆಯುತ್ತಾರೆ. ಮೈಕ್ರೋಕಂಟ್ರೋಲರ್ ಮತ್ತು ಪ್ರೋಗ್ರಾಮ್‌ಗಳ ನೆರವಿಲ್ಲದೆ, ಆಪ್-ಆಂಪ್ ಎಂಬ ವರ್ಧಕ ಐಸಿಯಿಂದಲೇ ನಿರ್ಧಾರ ಕೈಗೊಳ್ಳುವ ಗಾಡಿಯು ಅನಲಾಗ್ ರೇಖಾನುಸಾರಿ ರೋಬೋಟ್ ಎನಿಸುತ್ತದೆ. ಪ್ರೌಢಶಾಲೆ ಹಾಗೂ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಕೈಯಾರೆ ಕಟ್ಟುವ ಇಂತಹ ಗಾಡಿ ಗೆರೆಯನ್ನು ಬಿಟ್ಟು ಓಡಿದಾಗ ಅಥವಾ ನಿಂತಲ್ಲೇ ನಿಂತಾಗ, ತಪ್ಪು ಎಲ್ಲಿದೆಯೆಂದು ಅಳತೆಯ ಮೂಲಕ ಕ್ರಮವಾಗಿ ಹುಡುಕುವ ವಿಧಾನವನ್ನು ಈ ಲೇಖನ ವಿವರಿಸುತ್ತದೆ. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪರಿಸರದ ಬಿಸಿಲು ಹಾಗೂ ಕೆಂಪು ಧೂಳು ಒಡ್ಡುವ ವಿಶೇಷ ತೊಂದರೆಗಳನ್ನೂ ಇಲ್ಲಿ ಗಮನಿಸಲಾಗಿದೆ.

ಹಿನ್ನೆಲೆ

ಕೂಡುವುದು, ಕಳೆಯುವುದು ಮೊದಲಾದ ಗಣಿತ ಕ್ರಿಯೆಗಳನ್ನು ವೋಲ್ಟೇಜ್‌ಗಳ ಮೇಲೆ ನಡೆಸುತ್ತಿದ್ದುದರಿಂದ ಆಪ್-ಆಂಪ್‌ಗೆ ಆ ಹೆಸರು ಬಂದಿತು. 1947ರಲ್ಲಿ ಜಾನ್ ರಗಾಜಿನಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂದಿತು. ಆಗ ಇವು ನಿರ್ವಾತ ಕೊಳವೆಗಳಿಂದ ರಚಿತವಾಗಿದ್ದವು. 1968ರಲ್ಲಿ ಫೇರ್‌ಚೈಲ್ಡ್ ಸಂಸ್ಥೆ ಹೊರತಂದ 741 ಐಸಿಯು ಇದನ್ನು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ತಲುಪಿಸಿತು.

ಪ್ರೋಗ್ರಾಮ್ ಇಲ್ಲದ ರೋಬೋಟ್ ಎಂಬ ಕಲ್ಪನೆಯೂ ಹೊಸತಲ್ಲ. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ವಿಲಿಯಂ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಬೆಳಕನ್ನು ಅರಸಿ ನಡೆಯುವ ಯಾಂತ್ರಿಕ ಆಮೆಗಳನ್ನು ನಿರ್ಮಿಸಿದ್ದರು. ಭಾರತದಲ್ಲಿ 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಷನ್ ಯೋಜನೆಯಡಿ ಶಾಲೆಗಳಲ್ಲಿ ಟಿಂಕರಿಂಗ್ ಪ್ರಯೋಗಾಲಯಗಳು ಸ್ಥಾಪನೆಯಾದ ಮೇಲೆ ಇಂತಹ ಗಾಡಿಗಳ ರಚನೆ ಸಣ್ಣ ಊರುಗಳ ಮಕ್ಕಳಿಗೂ ಎಟುಕುವಂತಾಯಿತು.

ಮಂಡಲದ ರಚನೆ

ಈ ಲೇಖನದಲ್ಲಿ ಎರಡು ಸಂವೇದಕಗಳುಳ್ಳ ಸರಳ ಗಾಡಿಯೊಂದನ್ನು ಮಾದರಿಯಾಗಿ ತೆಗೆದುಕೊಳ್ಳಲಾಗಿದೆ. ಪ್ರತಿ ಸಂವೇದಕದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಚೆಲ್ಲುವ ಒಂದು ಎಲ್‌ಇಡಿ ಮತ್ತು ನೆಲದಿಂದ ಮರಳಿದ ಬೆಳಕನ್ನು ಹಿಡಿಯುವ ಒಂದು ಫೋಟೋಟ್ರಾನ್ಸಿಸ್ಟರ್ ಇರುತ್ತವೆ. ಎಲ್‌ಇಡಿಗೆ 220 ಓಮ್, ಫೋಟೋಟ್ರಾನ್ಸಿಸ್ಟರ್‌ನ ಕಲೆಕ್ಟರ್‌ಗೆ 10 ಕಿಲೋಓಮ್ ರೋಧಕಗಳ ಮೂಲಕ 5 ವೋಲ್ಟ್ ದೊರೆಯುತ್ತದೆ. ಬಿಳಿ ನೆಲವು ಬೆಳಕನ್ನು ಮರಳಿಸುವುದರಿಂದ ಫೋಟೋಟ್ರಾನ್ಸಿಸ್ಟರ್ ವಿದ್ಯುತ್ತನ್ನು ಹರಿಯಗೊಟ್ಟು ಕಲೆಕ್ಟರ್‌ನ ವೋಲ್ಟೇಜ್ ಇಳಿಯುತ್ತದೆ. ಕಪ್ಪು ಗೆರೆಯ ಮೇಲೆ ಬೆಳಕು ಹೀರಲ್ಪಟ್ಟು ವೋಲ್ಟೇಜ್ ಏರುತ್ತದೆ.

ಈ ವೋಲ್ಟೇಜ್ ಎಲ್‌ಎಂ358 ಐಸಿಯ ಋಣ ಒಳದಾರಿಗೆ ಸೇರುತ್ತದೆ. ಧನ ಒಳದಾರಿಗೆ ತಿರುಗುಗುಂಡಿಯ ರೋಧಕ, ಅಂದರೆ ಪೊಟೆನ್ಷಿಯೋಮೀಟರ್ ಮೂಲಕ ಆಕರ ವೋಲ್ಟೇಜ್ ಕೊಡಲಾಗುತ್ತದೆ. ಆಪ್-ಆಂಪ್ ಇಲ್ಲಿ ತಕ್ಕಡಿಯಂತೆ ಕೆಲಸ ಮಾಡುತ್ತದೆ: ಒಂದು ತಟ್ಟೆಯಲ್ಲಿ ಸಂವೇದಕದ ವೋಲ್ಟೇಜ್, ಇನ್ನೊಂದರಲ್ಲಿ ಆಕರ ವೋಲ್ಟೇಜ್ ಎಂಬ ತೂಕದ ಕಲ್ಲು. ಆಕರವೇ ಹೆಚ್ಚಾದರೆ ಹೊರದಾರಿ ಮೇಲೇರುತ್ತದೆ, ಸಂವೇದಕದ್ದು ಹೆಚ್ಚಾದರೆ ಸೊನ್ನೆಯತ್ತ ಇಳಿಯುತ್ತದೆ. ಹೊರದಾರಿಯು 330 ಓಮ್ ರೋಧಕದ ಮೂಲಕ ಬಿಡಿ139 ಟ್ರಾನ್ಸಿಸ್ಟರನ್ನು, ಅದು ಅದೇ ಬದಿಯ ಮೋಟಾರನ್ನು ನಡೆಸುತ್ತದೆ. ಎಲೆಕ್ಟ್ರಾನಿಕ್ ಭಾಗಕ್ಕೆ 7805 ನಿಯಂತ್ರಕದಿಂದ 5 ವೋಲ್ಟ್, ಮೋಟಾರುಗಳಿಗೆ ಪ್ರತ್ಯೇಕ 6 ವೋಲ್ಟ್ ಸೆಲ್‌ಗಳು ಇರುತ್ತವೆ.

ಗೆರೆಯು ಎರಡು ಸಂವೇದಕಗಳ ನಡುವೆ ಇದ್ದಾಗ ಎರಡೂ ಬಿಳಿಯನ್ನೇ ಕಂಡು ಎರಡೂ ಮೋಟಾರುಗಳು ತಿರುಗುತ್ತವೆ. ಗಾಡಿ ಬಲಕ್ಕೆ ಸರಿದರೆ ಎಡ ಸಂವೇದಕದ ಕೆಳಗೆ ಗೆರೆ ಬರುತ್ತದೆ, ಎಡ ಮೋಟಾರು ನಿಲ್ಲುತ್ತದೆ, ಬಲ ಚಕ್ರ ಮಾತ್ರ ಉರುಳಿ ಗಾಡಿ ಎಡಕ್ಕೆ ತಿರುಗುತ್ತದೆ.

ದೋಷಪತ್ತೆಯ ಕ್ರಮ

ಗಾಡಿ ಕೆಟ್ಟೊಡನೆ ಐಸಿಯನ್ನು ದೂಷಿಸಿ ಬದಲಾಯಿಸುವುದು ಕಲಿಕೆಯ ಹಂತದಲ್ಲಿ ಸಾಮಾನ್ಯ. ಆದರೆ ದೋಷಗಳು ಬಹುಮಟ್ಟಿಗೆ ತಂತಿ, ಬ್ಯಾಟರಿ, ಸಂವೇದಕ ಅಥವಾ ಆಕರ ವೋಲ್ಟೇಜ್‌ನಲ್ಲಿ ಇರುತ್ತವೆ. ಹೊಸ ಐಸಿಯನ್ನು ಅದೇ ದೋಷವಿರುವ ಮಂಡಲದಲ್ಲಿ ಇಟ್ಟರೆ ಫಲಿತಾಂಶವೂ ಅದೇ ಆಗಿರುತ್ತದೆ.

ಸರಿಯಾದ ಕ್ರಮವೆಂದರೆ, ಮೋಟಾರುಗಳ ಸೆಲ್‌ಗಳನ್ನು ಬೇರ್ಪಡಿಸಿ, ಗಾಡಿಯನ್ನು ನಿಲ್ಲಿಸಿಟ್ಟು, ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ ಹಿಡಿದು, ಕೆಂಪು ಕಡ್ಡಿಯಿಂದ ಹಂತಹಂತವಾಗಿ ಅಳೆಯುವುದು. ಅಳೆಯುವ ಮುನ್ನವೇ ನಿರೀಕ್ಷಿತ ಬೆಲೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಮೇಲಿನ ಮಾದರಿ ಮಂಡಲದಲ್ಲಿ ಕಾಣಬಹುದಾದ ಬೆಲೆಗಳು ಹೀಗಿವೆ:

1. ಐಸಿಯ 8ನೇ ಕಾಲು: 5 ವೋಲ್ಟ್. 4ನೇ ಕಾಲು: 0 ವೋಲ್ಟ್.
2. ಸಂವೇದಕ ಬಿಳಿಯ ಮೇಲೆ: ಉದಾಹರಣೆಗೆ 0.8 ವೋಲ್ಟ್. ಕಪ್ಪಿನ ಮೇಲೆ: 3.8 ವೋಲ್ಟ್.
3. ಆಕರ ವೋಲ್ಟೇಜ್, 3ನೇ ಕಾಲು: ಇವೆರಡರ ನಡುಬೆಲೆ, 2.3 ವೋಲ್ಟ್.
4. ಹೊರದಾರಿ, 1ನೇ ಕಾಲು: ಬಿಳಿಯ ಮೇಲೆ ಸುಮಾರು 3.5 ವೋಲ್ಟ್, ಕಪ್ಪಿನ ಮೇಲೆ ಸೊನ್ನೆಯ ಸಮೀಪ.
5. ಟ್ರಾನ್ಸಿಸ್ಟರ್‌ನ ಬೇಸ್: ಬಿಳಿಯ ಮೇಲೆ ಸುಮಾರು 0.7 ವೋಲ್ಟ್.

ನಿರೀಕ್ಷೆಗೂ ಅಳತೆಗೂ ಎಲ್ಲಿ ಮೊದಲ ಬಾರಿಗೆ ವ್ಯತ್ಯಾಸ ಕಾಣುವುದೋ ಅಲ್ಲಿ ಅಥವಾ ಅದರ ಹಿಂದುಮುಂದಿನ ಜೋಡಣೆಯಲ್ಲಿ ದೋಷವಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಅಳೆಯಬೇಕು. ಎರಡನ್ನು ಒಮ್ಮೆಗೇ ಬದಲಿಸಿದರೆ ಗಾಡಿ ಸರಿಯಾದರೂ ಕಾರಣ ತಿಳಿಯುವುದಿಲ್ಲ.

ಸಾಮಾನ್ಯ ದೋಷಗಳು

ವಿದ್ಯುತ್ ಪೂರೈಕೆ. 7805 ನಿಯಂತ್ರಕವು 5 ವೋಲ್ಟ್ ಕೊಡಲು ಅದರ ಒಳದಾರಿಯಲ್ಲಿ ಸುಮಾರು 7 ವೋಲ್ಟ್ ಇರಬೇಕು. ನಾಲ್ಕು ಪೆನ್‌ಸೆಲ್‌ಗಳ 6 ವೋಲ್ಟ್ ಇದಕ್ಕೆ ಸಾಲದು, ಆರು ಸೆಲ್‌ಗಳು ಬೇಕು. ಎರಡು ಬ್ಯಾಟರಿಗಳಿರುವಾಗ ಅವುಗಳ ಋಣ ತುದಿಗಳನ್ನು ಒಂದಕ್ಕೊಂದು ಜೋಡಿಸದಿದ್ದರೆ ಟ್ರಾನ್ಸಿಸ್ಟರ್‌ಗೆ ಐಸಿಯ ಆಜ್ಞೆ ತಲುಪುವುದಿಲ್ಲ. ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಪೂರೈಕೆ ಸಾಲುಗಳು ನಡುವೆ ತುಂಡಾಗಿರುವುದುಂಟು. ಅರ್ಧ ಮಂಡಲ ಮಾತ್ರ ಜೀವಂತವಾಗಿದ್ದರೆ ಇದನ್ನು ಮೊದಲು ನೋಡಬೇಕು.

ಐಸಿಯ ಆಯ್ಕೆ. 741 ಮತ್ತು ಎಲ್‌ಎಂ358 ಎರಡಕ್ಕೂ ಎಂಟು ಕಾಲುಗಳಿದ್ದರೂ ಜೋಡಣೆ ಬೇರೆ. 741ಕ್ಕೆ ಧನ ಪೂರೈಕೆ 7ನೇ ಕಾಲಿಗೆ, ಎಲ್‌ಎಂ358ಕ್ಕೆ 8ನೇ ಕಾಲಿಗೆ. ಅಲ್ಲದೆ 741ರ ಹೊರದಾರಿ ಸೊನ್ನೆಯವರೆಗೆ ಇಳಿಯುವುದಿಲ್ಲ. 5 ವೋಲ್ಟ್‌ನ ಒಂಟಿ ಪೂರೈಕೆಯಲ್ಲಿ ಅದನ್ನು ಬಳಸಿದರೆ ಟ್ರಾನ್ಸಿಸ್ಟರ್ ಪೂರ್ತಿಯಾಗಿ ಆರದೆ ಮೋಟಾರು ಸದಾ ತಿರುಗುತ್ತಿರಬಹುದು. ಎಲ್‌ಎಂ393 ಎಂಬ ಹೋಲಿಕೆ ಐಸಿಯ ಕಾಲುಗಳು ಎಲ್‌ಎಂ358ರಂತೆಯೇ ಇದ್ದರೂ ಅದರ ಹೊರದಾರಿ ತಾನಾಗಿ ಮೇಲೇರಲಾರದು. ಪೂರೈಕೆಯಿಂದ ಹೊರದಾರಿಗೆ ಒಂದು ರೋಧಕವನ್ನು ಜೋಡಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

ತಪ್ಪು ನಿರೀಕ್ಷೆ. ಆಪ್-ಆಂಪ್‌ನ ಎರಡು ಒಳದಾರಿಗಳ ವೋಲ್ಟೇಜ್ ಸಮನಾಗಿರುತ್ತದೆ ಎಂಬ ಪಾಠದ ನಿಯಮವು ಋಣ ಪ್ರತಿಪೋಷಣೆ ಇರುವ ವರ್ಧಕಗಳಿಗೆ ಮಾತ್ರ ಅನ್ವಯಿಸುತ್ತದೆ. ಹೋಲಿಕೆಯ ಕೆಲಸದಲ್ಲಿ ಅಂತಹ ಪ್ರತಿಪೋಷಣೆ ಇಲ್ಲದ ಕಾರಣ ಒಳದಾರಿಗಳು ಬೇರೆ ಬೇರೆಯಾಗಿರುವುದೇ ಸಹಜ. ಅದೇ ರೀತಿ 5 ವೋಲ್ಟ್ ಪೂರೈಕೆಯಲ್ಲಿ ಎಲ್‌ಎಂ358ರ ಹೊರದಾರಿ 3.5 ವೋಲ್ಟ್ ತೋರಿಸಿದರೆ ಅದು ದೋಷವಲ್ಲ, ಆ ಐಸಿಯ ಸ್ವಭಾವ.

ಮೋಟಾರಿನ ಹೊರೆ. ಎಲ್‌ಎಂ358ರ ಹೊರದಾರಿ ಕೆಲವೇ ಹತ್ತು ಮಿಲಿಆಂಪಿಯರ್‌ಗಳನ್ನು ಕೊಡಬಲ್ಲದು. ಮೋಟಾರನ್ನು ಅದಕ್ಕೆ ನೇರವಾಗಿ ಜೋಡಿಸಬಾರದು. ಬಿಸಿ547ರಂತಹ ಸಣ್ಣ ಟ್ರಾನ್ಸಿಸ್ಟರ್‌ನ ಮಿತಿ 100 ಮಿಲಿಆಂಪಿಯರ್ ಆದ್ದರಿಂದ ಗೇರ್ ಮೋಟಾರಿಗೆ ಅದೂ ಸಾಲದಾಗಬಹುದು.

ಮೋಟಾರಿನ ಗದ್ದಲ. ನಿಲ್ಲಿಸಿಟ್ಟಾಗ ಎಲ್ಲ ಅಳತೆಗಳೂ ಸರಿಯಾಗಿದ್ದು, ಮೋಟಾರು ತಿರುಗಿದೊಡನೆ ಗಾಡಿ ನಡುಗಿದರೆ ಮೋಟಾರಿನ ಕುಂಚಗಳ ಕಿಡಿಯಿಂದ ಹುಟ್ಟುವ ಗದ್ದಲ ಕಾರಣವಾಗಿರಬಹುದು. ಪ್ರತಿ ಮೋಟಾರಿನ ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಧಾರಕ ಮತ್ತು 1ಎನ್4007 ಡಯೋಡ್, ಐಸಿಯ ಪೂರೈಕೆಯ ಕಾಲುಗಳ ನಡುವೆ ಇನ್ನೊಂದು 0.1 ಮೈಕ್ರೋಫ್ಯಾರಡ್ ಧಾರಕ ಇದಕ್ಕೆ ಪರಿಹಾರ. ಡಯೋಡ್‌ನ ಗೆರೆಯಿರುವ ತುದಿ ಧನ ಬದಿಗಿರಬೇಕು.

ಗೆರೆಯ ಅಂಚಿನಲ್ಲಿ ತೊನೆದಾಟ. ಸಂವೇದಕವು ಗೆರೆಯ ಅಂಚಿನಲ್ಲಿರುವಾಗ ತಕ್ಕಡಿಯ ಎರಡು ತಟ್ಟೆಗಳೂ ಬಹುತೇಕ ಸಮನಾಗಿ, ಸಣ್ಣ ಅಲುಗಾಟಕ್ಕೂ ಹೊರದಾರಿ ಮೇಲೆಕೆಳಗೆ ಹಾರುತ್ತದೆ. ಆಕರ ವೋಲ್ಟೇಜನ್ನು 10 ಕಿಲೋಓಮ್ ಮೂಲಕ ಧನ ಒಳದಾರಿಗೆ ಕೊಟ್ಟು, ಹೊರದಾರಿಯಿಂದ ಅದೇ ಒಳದಾರಿಗೆ 220 ಕಿಲೋಓಮ್ ಜೋಡಿಸಿದರೆ ಏರುವ ಮತ್ತು ಇಳಿಯುವ ಮಟ್ಟಗಳ ನಡುವೆ ಸುಮಾರು 0.15 ವೋಲ್ಟ್ ಅಂತರ ಏರ್ಪಟ್ಟು ತೊನೆದಾಟ ನಿಲ್ಲುತ್ತದೆ. ಇದಕ್ಕೆ ಹಿಸ್ಟರಿಸಿಸ್ ಎಂದು ಹೆಸರು.

ಬಿಸಿಲು, ಧೂಳು ಮತ್ತು ನೆಲ

ಹೊಸಪೇಟೆಯ ಮನೆಯೊಳಗೆ ಸಂಜೆ ಚೆನ್ನಾಗಿ ಓಡಿದ ಗಾಡಿ ಮರುದಿನ ಶಾಲೆಯ ಅಂಗಳದಲ್ಲಿ ಗೆರೆಯನ್ನು ದಾಟಿ ನೇರವಾಗಿ ಹೋಗಿಬಿಡಬಹುದು. ಬಿಸಿಲಿನಲ್ಲಿ ಅವಕೆಂಪು ಕಿರಣಗಳು ಹೇರಳವಾಗಿರುತ್ತವೆ. ಅವು ಫೋಟೋಟ್ರಾನ್ಸಿಸ್ಟರ್ ಮೇಲೆ ಬಿದ್ದಾಗ ಕಪ್ಪಿನ ಮೇಲಿನ ವೋಲ್ಟೇಜ್ 3.8ರಿಂದ, ಉದಾಹರಣೆಗೆ, 1.6 ವೋಲ್ಟ್‌ಗೆ ಕುಸಿದರೆ ಅದು 2.3ರ ಆಕರಕ್ಕಿಂತ ಕಡಿಮೆಯಾಗುತ್ತದೆ. ಆಗ ಗಾಡಿಗೆ ಕಪ್ಪೂ ಬಿಳಿಯಾಗಿಯೇ ಕಾಣುತ್ತದೆ. ಇಲ್ಲಿ ಯಾವ ಬಿಡಿಭಾಗವೂ ಕೆಟ್ಟಿಲ್ಲ, ತೂಕದ ಕಲ್ಲು ಮಾತ್ರ ಆ ಜಾಗಕ್ಕೆ ತಕ್ಕುದಾಗಿಲ್ಲ. ಸಂವೇದಕದ ಸುತ್ತ ಕಪ್ಪು ಕಾಗದದ ಮರೆ ಕಟ್ಟುವುದು, ಸಂವೇದಕವನ್ನು ನೆಲಕ್ಕೆ ಕೆಲವು ಮಿಲಿಮೀಟರ್‌ಗಳಷ್ಟು ಹತ್ತಿರ ತರುವುದು ಹಾಗೂ ಗಾಡಿ ಓಡುವ ಸ್ಥಳದಲ್ಲಿಯೇ ಎರಡೂ ವೋಲ್ಟೇಜ್‌ಗಳನ್ನು ಅಳೆದು ಆಕರವನ್ನು ಮತ್ತೆ ನಿಗದಿಪಡಿಸುವುದು ಪರಿಹಾರಗಳು. ಟಿಸಿಆರ್‌ಟಿ5000 ಸಂವೇದಕದ ಸಾಮರ್ಥ್ಯ ಸುಮಾರು 2.5 ಮಿಲಿಮೀಟರ್ ದೂರದಲ್ಲಿ ಗರಿಷ್ಠವಾಗಿರುತ್ತದೆ.

ಸಂಡೂರಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಗಣಿ ಪ್ರದೇಶದಲ್ಲಿ ಕೆಂಪು ಧೂಳು ಸಾಮಾನ್ಯ. ಅದು ಕಪ್ಪು ಪಟ್ಟಿಯ ಮೇಲೂ ಬಿಳಿ ಹಲಗೆಯ ಮೇಲೂ ಕೂತಾಗ ಎರಡರ ನಡುವಿನ ಅಂತರ ಕುಗ್ಗುತ್ತದೆ. ಸಂವೇದಕದ ಮುಖವನ್ನು ಒಣಬಟ್ಟೆಯಿಂದ ಒರೆಸಿ, ಪಟ್ಟಿಯನ್ನೂ ಶುಚಿಗೊಳಿಸಿ ಅಳೆಯಬೇಕು.

ನೆಲದ ಬಣ್ಣವನ್ನು ಕಣ್ಣಳತೆಯಿಂದ ನಿರ್ಧರಿಸುವುದೂ ತಪ್ಪಿಗೆ ದಾರಿ. ಹಂಪಿ ಪರಿಸರದ ಕಲ್ಲುಚಪ್ಪಡಿಯಾಗಲಿ, ಕಂಪ್ಲಿಯ ಹಳೆಯ ಮನೆಯ ಕಾವಿ ನೆಲವಾಗಲಿ ಕಣ್ಣಿಗೆ ಕಂಡಂತೆಯೇ ಅವಕೆಂಪಿನಲ್ಲಿ ಕಾಣಬೇಕೆಂದಿಲ್ಲ. ಕೆಲವು ಕಪ್ಪು ಶಾಯಿಗಳು ಅವಕೆಂಪು ಬೆಳಕನ್ನು ಹೀರದೆ ಬಿಡುತ್ತವೆ. ಅಂತಹ ಶಾಯಿಯಿಂದ ಎಳೆದ ಗೆರೆ ಸಂವೇದಕಕ್ಕೆ ಇಲ್ಲವೇ ಇಲ್ಲ. ಅವಕೆಂಪು ಎಲ್‌ಇಡಿ ಉರಿಯುತ್ತಿದೆಯೇ ಎಂಬುದನ್ನು ಮೊಬೈಲ್ ಫೋನಿನ ಕ್ಯಾಮೆರಾದಲ್ಲಿ ನೋಡಬಹುದು. ಅದು ನಸುನೇರಳೆಯಾಗಿ ಕಾಣುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಅವಕೆಂಪನ್ನು ತಡೆಯುವ ಶೋಧಕವಿರುವುದರಿಂದ, ಹಿಂದಿನದರಲ್ಲಿ ಕಾಣದಿದ್ದರೆ ಮುಂದಿನ ಕ್ಯಾಮೆರಾದಲ್ಲಿಯೂ ನೋಡುವುದು ಒಳಿತು.

ಐಸಿಯ ಪರೀಕ್ಷೆ

ಉಳಿದೆಲ್ಲವೂ ಸರಿಯಿದ್ದರೆ ಮಾತ್ರ ಐಸಿಯನ್ನು ಸಂಶಯಿಸಬೇಕು. ಎಲ್‌ಎಂ358ನ್ನು ಬೇರೆಡೆ ಇಟ್ಟು, 8 ಮತ್ತು 4ನೇ ಕಾಲುಗಳಿಗೆ 5 ವೋಲ್ಟ್ ಪೂರೈಸಿ, 1ನೇ ಕಾಲನ್ನು 2ನೇ ಕಾಲಿಗೆ ನೇರ ಜೋಡಿಸಿ, 3ನೇ ಕಾಲಿಗೆ 2 ವೋಲ್ಟ್ ಕೊಡಬೇಕು. 1ನೇ ಕಾಲಿನಲ್ಲಿಯೂ 2 ವೋಲ್ಟ್ ಬಂದು, ತಿರುಗುಗುಂಡಿಯನ್ನು ತಿರುಗಿಸಿ 1 ವೋಲ್ಟ್‌ಗೆ ಇಳಿಸಿದಾಗ ಅದೂ ಇಳಿದರೆ ಐಸಿಯ ಆ ಅರ್ಧ ಚೆನ್ನಾಗಿದೆ. 5, 6, 7ನೇ ಕಾಲುಗಳ ಇನ್ನೊಂದು ಅರ್ಧವನ್ನೂ ಹೀಗೆಯೇ ನೋಡಬೇಕು. ಅದರಲ್ಲಿ 5 ಧನ ಒಳದಾರಿ, 6 ಋಣ ಒಳದಾರಿ, 7 ಹೊರದಾರಿ. ಐಸಿಯನ್ನು ತಿರುಗುಮುರುಗಾಗಿ ಚುಚ್ಚಿದರೆ 4 ಮತ್ತು 8ನೇ ಕಾಲುಗಳು ಅದಲುಬದಲಾಗಿ ಅದು ಬಿಸಿಯಾಗಿ ಸುಟ್ಟುಹೋಗುತ್ತದೆ. ಆದ್ದರಿಂದ ಒಂದು ತುದಿಯಲ್ಲಿರುವ ಕಚ್ಚಿನ ಗುರುತನ್ನು ನೋಡಿಯೇ ಇಡಬೇಕು.

ಮಹತ್ವ

ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಎಸ್.ಪಿ. ರಸ್ತೆಯು ಹೊಸಪೇಟೆಯಿಂದ 300 ಕಿಲೋಮೀಟರ್‌ಗೂ ದೂರದಲ್ಲಿದೆ. ಸ್ಥಳೀಯವಾಗಿ ದೊರೆಯದ ಐಸಿಯೊಂದನ್ನು ಸುಮ್ಮನೆ ಎಸೆದರೆ ಹಣಕ್ಕಿಂತ ಹೆಚ್ಚಾಗಿ ದಿನಗಳು ನಷ್ಟವಾಗುತ್ತವೆ, ಕಟ್ಟಿದ ಮಗುವಿನ ಉತ್ಸಾಹವೂ ಕುಂದುತ್ತದೆ. ಮಲ್ಟಿಮೀಟರ್, ಒಂದು ಹಾಳೆ ಮತ್ತು ಓಮನ ನಿಯಮದ ತಿಳಿವಳಿಕೆ ಇದ್ದರೆ ಈ ಲೇಖನದ ಬಹುಪಾಲು ಪರೀಕ್ಷೆಗಳನ್ನು ಮನೆಯಲ್ಲಿಯೇ ಮಾಡಬಹುದು. ಊಹೆಯನ್ನು ಬರೆದಿಟ್ಟು ಅಳತೆಯೊಡನೆ ಹೋಲಿಸುವ ಅಭ್ಯಾಸವು ವಿಜ್ಞಾನದ ಇತರ ಪ್ರಯೋಗಗಳಿಗೂ ಉಪಯುಕ್ತವಾಗಿದೆ.

ಇವನ್ನೂ ನೋಡಿ

ಓಮನ ನಿಯಮ
ಟ್ರಾನ್ಸಿಸ್ಟರ್
ಅವಕೆಂಪು ವಿಕಿರಣ
ರೋಬೋಟ್